ಕೊನೆಯ ಸೀಟಿನ ಹಿಂದೆ

ನಾನು ದಿನಕ್ಕೆರಡು ಸಲ ಹಾಲು ತೂಗುವವಳು. ಪಂಚನಹಳ್ಳಿ ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಕ್ಯಾನು ಎತ್ತಿ ಇಡುವಾಗಲೇ ಎಷ್ಟಿದೆ ಅಂತ ಕೈಗೆ ಗೊತ್ತಾಗಿಬಿಡುತ್ತದೆ. ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದಿನದನ್ನು ಕೇಳಿ "ಪಾಪ, ಗಂಡ ಹೋದ ದುಃಖದಲ್ಲಿ ಏನೋ ಅನ್ನಿಸಿರಬೇಕು" ಅನ್ನುವವರಿದ್ದಾರೆ. ನನ್ನ ಸ್ವಂತ ಅಕ್ಕನೇ ಹಾಗಂದಳು. ದುಃಖ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವತ್ತು ನನಗೆ ಜ್ವರ ಇರಲಿಲ್ಲ, ನಿದ್ದೆಗಣ್ಣೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮ ಯಜಮಾನರ ಹೆಸರು ನಾಗರಾಜ. ಅಜ್ಜಂಪುರದವರು. ಬೋರ್‌ವೆಲ್ ಲಾರಿಯಲ್ಲಿ ಡ್ರಿಲ್ಲರ್ ಆಗಿದ್ದರು. ನಮ್ಮಪ್ಪನ ತೆಂಗಿನ ತೋಟದಲ್ಲಿ ಬೋರ್ ಕೊರೆಯಲು ಬಂದಾಗಲೇ ನಾನು ಅವರನ್ನು ಮೊದಲು ನೋಡಿದ್ದು. ನೋಡಿದ್ದು ಅನ್ನುವುದೂ ತಪ್ಪೇ. ತಲೆಯಿಂದ ಕಾಲಿನವರೆಗೆ ಕಲ್ಲಿನ ಪುಡಿ ಮೆತ್ತಿಕೊಂಡು ಬೂದಿಯ ಗೊಂಬೆಯ ಹಾಗಿದ್ದರು. ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಕಾಫಿ ಕೊಟ್ಟಾಗ ಕೇಳಿದರು:

"ಮುಖ ತೊಳ್ಕೊಂಡ್ ಬಂದ್ರೆ ಗುರ್ತು ಹಿಡೀತೀರಾ?"

ಮರುವರ್ಷ ಮದುವೆಯಾಯಿತು.

ಆಳು ಆರಡಿಯ ಮೇಲಿದ್ದರು. ಕಡೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಮಗೆ ಯಾವತ್ತೂ ಜೊತೆಗೆ ಎರಡು ಸೀಟು ಸಿಕ್ಕಿದ್ದಿಲ್ಲ. ನನ್ನನ್ನು ಮುಂದೆ ಕೂರಿಸಿ, ಅವರು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಆ ಉದ್ದ ಕಾಲಿಗೆ ಜಾಗ ಸಾಲದೆ ಎರಡೂ ಮೊಣಕಾಲು ನನ್ನ ಸೀಟಿಗೆ ಒತ್ತುತ್ತಿದ್ದವು. ಬೇಕಂತಲೇ ಒಂದು ಸಲ ಎಡ, ಒಂದು ಸಲ ಬಲ ಅಂತ ಒತ್ತುವರು. ನಾನು ತಿರುಗದೆಯೇ ಬೈಯುತ್ತಿದ್ದೆ, "ಕಾಲ್ ತೆಗೀರೀ, ಬೆನ್ನು ನೋಯ್ತದೆ." ಅವರು ಇನ್ನೂ ಜೋರಾಗಿ ಒತ್ತುವರು. ಇಡೀ ಬಸ್ಸು ನಗುತ್ತಿತ್ತು.

ಐದು ವರ್ಷದ ಹಿಂದೆ ಕಂಪನಿಯವರು ಲಾರಿಯ ಜೊತೆಗೆ ಅವರನ್ನು ಆಫ್ರಿಕಾದ ಟಾಂಜಾನಿಯಾಕ್ಕೆ ಕಳಿಸಿದರು. ಅಲ್ಲಿಯೂ ನಮ್ಮ ಕಡೆಯ ಹಾಗೆ ಬಯಲು, ಬಿಸಿಲು, ಆಳಕ್ಕೆ ಹೋದ ನೀರು. "ಥೇಟ್ ಎಮ್ಮೆದೊಡ್ಡಿ ಕಾವಲ್ ಕಣೇ, ಅಮೃತಮಹಲ್ ದನ ಒಂದಿಲ್ಲ ಅಷ್ಟೇ," ಅನ್ನುತ್ತಿದ್ದರು ಫೋನಿನಲ್ಲಿ. ಅವರ ಜೊತೆಗಿದ್ದವನು ತರೀಕೆರೆಯ ಮಂಜುನಾಥ. ಹೆಲ್ಪರ್ ಆಗಿ ಸೇರಿ, ಇವರ ಕೈಕೆಳಗೇ ಕೆಲಸ ಕಲಿತು ಡ್ರಿಲ್ಲರ್ ಆದವನು. ನನ್ನನ್ನು ಅಕ್ಕ ಅನ್ನುತ್ತಿದ್ದ.

ಅವನೇ ಒಂದು ಬೆಳಿಗ್ಗೆ ಫೋನು ಮಾಡಿದ. ನಾನು ಹಾಲು ಹಾಕಿಸಿಕೊಳ್ಳುತ್ತಿದ್ದೆ.

"ಅಕ್ಕಾ... ಕೂತ್ಕೊಂಡಿದೀಯಾ?"

ಮಲೇರಿಯಾ ತಲೆಗೇರಿತ್ತಂತೆ. ಮೂರೇ ದಿನ. ಹೆಣ ಇಡಲು ಐಸ್ ಪೆಟ್ಟಿಗೆ ಇರುವ ಊರು ರಸ್ತೆಯಲ್ಲಿ ಎರಡು ದಿನದ ದಾರಿ. ಬಿಸಿಲು ಅಂಥದ್ದು.

"ಏನ್ ಮಾಡ್ಲಿ ಹೇಳಕ್ಕ. ನೀನ್ ಹೇಳ್ದಂಗ್ ಮಾಡ್ತೀನಿ," ಅಂತ ಅಳುತ್ತಿದ್ದ.

ಸಾಲಿನಲ್ಲಿ ಜನ ಕ್ಯಾನು ಹಿಡಿದು ನಿಂತಿದ್ದರು. ಮಿಷನ್ನಿನ ಮೇಲೆ ಯಾರದೋ ಹಾಲು, ಆರು ಕಿಲೋ ಇನ್ನೂರು ಗ್ರಾಂ. ಆ ಸಂಖ್ಯೆ ಈಗಲೂ ನೆನಪಿದೆ. ನಾನು ಅಂದೆ, "ಅಲ್ಲೇ ಮಾಡ್ಬಿಡು ಕಣೋ."

ಬೂದಿಯನ್ನು ಮಂಜುವೇ ತಂದುಕೊಡುತ್ತೇನೆ ಅಂದ. ನಾನು ಕೇಳಲಿಲ್ಲ. ಮುಖವನ್ನಂತೂ ನೋಡಲಿಲ್ಲ, ಆ ಜಾಗವನ್ನಾದರೂ ನೋಡಬೇಕು ಅಂತ ಹಟ ಹಿಡಿದೆ. ಹಿಂದಿನ ವರ್ಷ ಅವರೇ ರಜೆಗೆ ಬಂದಾಗ, ಒಂದು ಸಲ ಕರೆದುಕೊಂಡು ಹೋಗುತ್ತೇನೆ ಅಂತ ನನಗೆ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದರು. ಅದರಲ್ಲಿ ಮೊದಲ ಸೀಲು ಬಿದ್ದದ್ದು ಇದಕ್ಕೆ. ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೊರಟೆ.

ಅಲ್ಲಿನ ದೊಡ್ಡ ಊರು ದಾರ್ ಎಸ್ ಸಲಾಮಿಗೆ ಮಂಜು ಬಂದು ಕಾದಿದ್ದ, ಅಲ್ಲಿಂದ ಕಂಪನಿಯ ಜೀಪಿನಲ್ಲಿ ಎರಡು ದಿನ ಹೋದೆವು. ಕ್ಯಾಂಪಿನಲ್ಲಿ ಕಂಡವರೆಲ್ಲ ನನ್ನ ಕೈ ಹಿಡಿದು "ಪೋಲೆ, ಮಾಮಾ... ಪೋಲೆ ಸಾನಾ" ಅನ್ನುತ್ತಿದ್ದರು. ನನಗೆ ಅದು 'ಪೋಲಿ' ಅಂತ ಕೇಳಿಸಿ ಎದೆಗೆ ಚುಚ್ಚಿದ ಹಾಗಾಯಿತು. ಸತ್ತವರನ್ನು ಹೀಗನ್ನುತ್ತಾರಲ್ಲ ಅಂತ. ಮಂಜು ಹೇಳಿದ, "ಅಯ್ಯೋ, ಅಲ್ಲಕ್ಕ. ನಿನ್ ನೋವು ನಮ್ದೂನೂ ಅಂತ ಅರ್ಥ. ನಾಗಣ್ಣನ್ ಕಂಡ್ರೆ ಇವ್ರಿಗೆಲ್ಲ ಪ್ರಾಣ."

ಸುಟ್ಟ ಜಾಗ ತೋರಿಸಿದ. ಮುಳ್ಳಿನ ಮರದ ಕೆಳಗೆ ಒಂದಾಳುದ್ದದ ಕಪ್ಪು. ಅದರ ಪಕ್ಕ ಎಷ್ಟು ಹೊತ್ತು ಕೂತಿದ್ದೆನೋ. ಆಮೇಲೆ ಮಂಜು ಒಂದು ಸ್ಟೀಲ್ ಡಬ್ಬಿ ತಂದು ನನ್ನ ಕೈಗಿಟ್ಟ. ಮುಚ್ಚಳಕ್ಕೆ ಸುತ್ತಲೂ ಟೇಪು. ಡಬ್ಬಿಯ ಮೇಲೆ ನಮ್ಮಮ್ಮನ ಹೆಸರು ಕೊರೆಸಿತ್ತು... ಹಿಂದಿನ ಸಲ ನಾನೇ ಅದರಲ್ಲಿ ಹುರಿಗಡಲೆ ಚಟ್ನಿಪುಡಿ ತುಂಬಿ ಕಳಿಸಿದ್ದೆ.

"ಬೇರೇದ್ರಲ್ಲಿ ಹಾಕಕ್ಕೆ ಮನ್ಸ್ ಬರ್ಲಿಲ್ಲಕ್ಕ," ಅಂದ.

ವಾಪಸು ಬರುವಾಗ ರಸ್ತೆಯಲ್ಲಿ ಹೋದರೆ ದೊಡ್ಡ ವಿಮಾನ ತಪ್ಪಿಹೋಗುತ್ತದೆ ಅಂತ, ಹತ್ತಿರದ ಊರಿನಿಂದ ದಾರ್ ಎಸ್ ಸಲಾಮಿಗೆ ಹೋಗುವ ಒಂದು ಸಣ್ಣ ಕಂಪನಿಯ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದರು.

ವಿಮಾನ ನಿಲ್ದಾಣ ಅಂದರೆ ಒಂದು ತಗಡಿನ ಶೆಡ್ಡು, ಎರಡು ಬೆಂಚು, ಉದ್ದಕ್ಕೆ ಕೆಂಪು ಮಣ್ಣಿನ ದಾರಿ. ಯಾರೋ ಆ ದಾರಿಯಿಂದ ಮೇಕೆಗಳನ್ನು ಓಡಿಸುತ್ತಿದ್ದರು. ವಿಮಾನ ಮೂರು ಗಂಟೆಗೆ ಬರಬೇಕಿತ್ತು. ಬಂದಾಗ ಐದೂವರೆ ದಾಟಿತ್ತು. ಮೂತಿಯಲ್ಲಿ ಒಂದೇ ಫ್ಯಾನು. ನಮ್ಮೂರಿನ ಮ್ಯಾಕ್ಸಿಕ್ಯಾಬಿಗೆ ರೆಕ್ಕೆ ಕಟ್ಟಿದ ಹಾಗಿತ್ತು.

ಇಷ್ಟು ಸಣ್ಣ ವಿಮಾನದಲ್ಲಿ ಸಾಮಾನನ್ನಷ್ಟೇ ಅಲ್ಲ, ಮನುಷ್ಯರನ್ನೂ ತೂಗುತ್ತಾರೆ. ಯಾರು ಎಲ್ಲಿ ಕೂರಬೇಕು ಅಂತ ತೂಕ ನೋಡಿ ಹೇಳುತ್ತಾರೆ. ನೆಲದ ಮೇಲೆ ಚಪ್ಪಟೆ ಮಿಷನ್ನು, ಗೋಡೆಗೆ ಕೆಂಪು ಅಂಕಿಯ ಡಬ್ಬ. ನಮ್ಮ ಡೈರಿಯದರ ದೊಡ್ಡಣ್ಣ. ನಾವು ಒಂಬತ್ತು ಜನ ಸಾಲಾಗಿ ನಿಂತೆವು. ಒಬ್ಬ ಪಾದ್ರಿ, ಮಗು ಎತ್ತಿಕೊಂಡ ಹೆಂಗಸು, ಮತ್ತೆ ಯಾರ್‍ಯಾರೋ. ನನಗಿಂತ ಮುಂದಿದ್ದವರದ್ದೆಲ್ಲ ಸರಿಯಾಗಿ ಬಂತು.

ನಾನು ಹತ್ತಿದೆ. ಹೆಗಲಿಗೆ ಬ್ಯಾಗು, ಎದೆಗೆ ಡಬ್ಬಿ.

ನೂರಾ ಮೂವತ್ತೊಂದು.

ತೂಗುವವನು ನನ್ನನ್ನು ನೋಡಿದ, ಅಂಕಿಯನ್ನು ನೋಡಿದ. ಇಳಿಯಲು ಹೇಳಿ ಮಿಷನ್ನನ್ನು ಕಾಲಿನಿಂದ ಒದ್ದ. ಸೊನ್ನೆ ಬಂತು. ಮತ್ತೆ ಹತ್ತಿಸಿದ.

ನೂರಾ ಮೂವತ್ತೊಂದು.

ಡಬ್ಬಿ ಕೆಳಗಿಡು ಅಂತ ಸನ್ನೆ ಮಾಡಿದ. ಡಬ್ಬಿಯನ್ನು ಮಂಜುವಿನ ಕೈಗೆ ಕೊಟ್ಟು ಬ್ಯಾಗಿನ ಜೊತೆ ನಿಂತೆ. ಐವತ್ತನಾಲ್ಕು. ಡಬ್ಬಿಯೊಂದನ್ನೇ ಇಟ್ಟ. ಮೂರು. ಎರಡೂ ಸೇರಿದರೆ ಐವತ್ತೇಳಾಗಬೇಕಲ್ಲ? ಡಬ್ಬಿ ಹಿಡಿದು ಮೂರನೇ ಸಲ ಹತ್ತಿದೆ.

ನೂರಾ ಮೂವತ್ತೊಂದು... ಅಂಕಿ ಒಂದಿಷ್ಟೂ ಅಲುಗಲಿಲ್ಲ.

ನನ್ನ ತಲೆ ತನ್ನಷ್ಟಕ್ಕೇ ಲೆಕ್ಕ ಮಾಡಿತು. ಎಪ್ಪತ್ತನಾಲ್ಕು ಹೆಚ್ಚು. ಕೊನೆಯ ಸಲ ರಜೆ ಮುಗಿಸಿ ಹೊರಡುವ ಮುಂಚೆ ಕಡೂರಿನಲ್ಲಿ ಅವರ ಮೆಡಿಕಲ್ ಚೆಕಪ್ ಆಗಿತ್ತು. ನಾನೇ ಜೊತೆಗಿದ್ದೆ. ಎಪ್ಪತ್ತನಾಲ್ಕು ಕಿಲೋ ಅಂತ ಬರೆದಿದ್ದರು.

ತೂಗುವವನು ಪುಸ್ತಕದಲ್ಲಿ ಐವತ್ತೇಳು ಅಂತ ಬರೆದು, ಮುಖ ಬೇರೆ ಕಡೆ ತಿರುಗಿಸಿ ಹೋಗು ಅಂದ. ಮಂಜುವಿನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

"ಮಿಷಿನ್ ಕೆಟ್ಟೋಗದೆ ಬಿಡಕ್ಕ," ಅಂದ.

ನನ್ನ ಹಿಂದೆ ನಿಂತಿದ್ದ ಮುದುಕನದ್ದು ಅದೇ ಮಿಷನ್ನಿನಲ್ಲಿ ಅರವತ್ತೊಂದು ಬಂತು.

ಮಂಜುವನ್ನು ಪೈಲಟ್ಟಿನ ಪಕ್ಕದಲ್ಲೇ ಕೂರಿಸಿದರು. ಪೈಲಟ್ಟು ಅಲ್ಲಿಯವನೇ, ತಲೆ ನರೆತವನು. ನನಗೆ ಸಿಕ್ಕಿದ್ದು ತೀರಾ ಕೊನೆಯ ಸೀಟು. ಒಂಟಿ ಸೀಟು. ಕೂರುವ ಮುಂಚೆ ಹಿಂದೆ ನೋಡಿದೆ. ಇದನ್ನು ನೆನಪಿಡಿ... ನನ್ನ ಹಿಂದೆ ಸೀಟಿರಲಿಲ್ಲ. ಒಂದು ಮಾರಿನಷ್ಟು ಖಾಲಿ ಜಾಗ, ಆಮೇಲೆ ಒಂದು ಹಗ್ಗದ ಬಲೆ, ಬಲೆಯ ಆಚೆ ಬಿಗಿಯಾಗಿ ಕಟ್ಟಿದ ಚೀಲಗಳು. ಅಷ್ಟೇ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಮುಚ್ಚಿದೆ. ವಿಮಾನ ಓಡಲು ಶುರುವಾಯಿತು. ಓಡಿತು... ಓಡಿತು... ಏಳಲೇ ಇಲ್ಲ. ದಾರಿಯ ಕೊನೆಯ ಮರಗಳು ಹತ್ತಿರ ಹತ್ತಿರ ಬಂದವು. ಪಾದ್ರಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಮರ ಇನ್ನೇನು ತಾಗಬೇಕು ಅನ್ನುವಾಗ ನೆಲ ಬಿಟ್ಟಿತು. ಪೈಲಟ್ಟು ತಲೆ ಅಲ್ಲಾಡಿಸುತ್ತಾ ಏನೋ ಗೊಣಗಿದ್ದು ಹಿಂದಿನಿಂದಲೇ ಕಾಣಿಸಿತು.

ಆ ಕಡೆ ಸಂಜೆ ಅನ್ನುವುದು ಇಲ್ಲವೇ ಇಲ್ಲ. ಸೂರ್ಯ ಮುಳುಗಿದ, ಕತ್ತಲಾಯಿತು. ಕೆಳಗೆ ಒಂದು ದೀಪವಿಲ್ಲ. ಒಳಗೂ ದೀಪ ಆರಿಸಿದರು. ಇಂಜಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುಂದಿನ ಸೀಟಿನ ಮಗು ಮಲಗಿತ್ತು.

ಅರ್ಧ ಗಂಟೆ ಕಳೆದಿರಬೇಕು. ಮೊದಲು ವಾಸನೆ ಬಂತು.

ಬೋರ್ ಕೊರೆಯುವಾಗ ನೀರು ಸಿಗುವ ಮುಂಚೆ ಒದ್ದೆಯಾದ ಕಲ್ಲಿನ ಪುಡಿ ಮೇಲೆ ಬರುತ್ತದಲ್ಲ, ಆ ವಾಸನೆ. ತಣ್ಣಗೆ, ಸ್ವಲ್ಪ ಸುಟ್ಟ ಹಾಗೆ. ನಮ್ಮ ಮದುವೆಯಾದಾಗಿನಿಂದ ನಾನು ಒಗೆದ ಪ್ರತಿ ಅಂಗಿಯಲ್ಲೂ ಇದ್ದ ವಾಸನೆ. ಡಬ್ಬಿಯಿಂದ ಬಂತೇನೋ ಅಂತ ಬಗ್ಗಿ ಮೂಸಿದೆ. ಡಬ್ಬಿಗೆ ಸ್ಟೀಲಿನ ವಾಸನೆ, ಟೇಪಿನ ವಾಸನೆ. ಇದು ಹಿಂದಿನಿಂದ ಬರುತ್ತಿತ್ತು.

ಆಮೇಲೆ ಬೆನ್ನಿಗೆ ಏನೋ ಒತ್ತಿತು.

ಎರಡು ಕಡೆ. ಸೀಟಿನ ಬಟ್ಟೆಯ ಆಚೆಯಿಂದ, ಎರಡು ಗುಂಡಗಿನ, ಗಟ್ಟಿ ಮೂಳೆ.

ಚೀಲ ಜಾರಿರಬೇಕು ಅಂದುಕೊಂಡೆ. ಅಲುಗದೆ ಕೂತೆ. ವಿಮಾನ ಅಲುಗಲಿಲ್ಲ, ಓಲಾಡಲಿಲ್ಲ. ಆದರೂ ಅದು ಒತ್ತಿತು. ಒಂದು ಸಲ ಎಡಕ್ಕೆ... ನಿಂತಿತು. ಒಂದು ಸಲ ಬಲಕ್ಕೆ... ನಿಂತಿತು. ಮತ್ತೆ ಎಡಕ್ಕೆ.

ಇಲ್ಲಿ ನಾನು ಹೆದರಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಹೆದರಿದ್ದು ಆಮೇಲೆ. ಆ ಹೊತ್ತಿನಲ್ಲಿ ನನಗೆ ಆಫ್ರಿಕಾ ಇರಲಿಲ್ಲ, ವಿಮಾನ ಇರಲಿಲ್ಲ, ತೊಡೆಯ ಮೇಲೆ ಡಬ್ಬಿಯೂ ಇರಲಿಲ್ಲ. ಹದಿನೆಂಟು ವರ್ಷದ ಅಭ್ಯಾಸ ನೋಡಿ. ತಿರುಗಲಿಲ್ಲ. ಬಾಯಿ ತಾನೇ ಅಂದುಬಿಟ್ಟಿತು:

"ಕಾಲ್ ತೆಗೀರೀ... ಬೆನ್ನು ನೋಯ್ತದೆ."

ತೆಗೆದರು.

ಬಸ್ಸಿನಲ್ಲಿ ಒಂದು ದಿನವೂ ನನ್ನ ಮಾತು ಕೇಳದವರು ಅವತ್ತು ಕೇಳಿದರು. ಮೆಲ್ಲಗೆ, ಮೊದಲು ಒಂದು, ಆಮೇಲೆ ಇನ್ನೊಂದು. ಬೆನ್ನಿನ ಹಿಂದೆ ತಣ್ಣಗಾಯಿತು. ಆಗ ನನಗೆ ನಾನು ಏನಂದೆ, ಯಾರಿಗೆ ಅಂದೆ ಅಂತ ಅರಿವಾಯಿತು.  ಡಬ್ಬಿ ಜಾರದ ಹಾಗೆ ಅವುಚಿ ಹಿಡಿದೆ.

"ರೀ..." ಅಂದೆ.  "ಇಡ್ರೀ. ನೋಯಲ್ಲ. ಸುಮ್ನೆ ಅಂದೆ ಕಣ್ರೀ... ಇಡ್ರೀ."

ಸೀಟಿಗೆ ಬೆನ್ನನ್ನು ಒತ್ತಿ ಹಿಡಿದೆ. ಒಂದು ಸಲ ತಾಗಲಿ ಅಂತ ಕಾದೆ. ತಿರುಗಿ ನೋಡಬಹುದಿತ್ತು. ಆದರೆ ನೋಡಿ ಅಲ್ಲಿ ಯಾರೂ ಇಲ್ಲದಿದ್ದರೆ? ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಅವರೇ ಇದ್ದರೂ ತಡೆದುಕೊಳ್ಳುತ್ತಿದ್ದೆನೋ ಇಲ್ಲವೋ. ಹಾಗೇ, ಕುತ್ತಿಗೆ ಬಿಗಿಹಿಡಿದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಕತ್ತಲೆಯಲ್ಲಿ ಕೂತೇ ಇದ್ದೆ. ವಾಸನೆ ಮಾತ್ರ ಹೋಗಲಿಲ್ಲ.

ಕೆಳಗೆ ಊರಿನ ದೀಪಗಳು ಕಂಡವು. ಪೈಲಟ್ಟು ಒಂದು ಸಲ ಹಿಂದಕ್ಕೆ ತಿರುಗಿ ನೋಡಿದ. ಮತ್ತೊಮ್ಮೆ ತಿರುಗಿದ. ಕೈ ಎತ್ತಿ, ಅಂಗೈ ಕೆಳಗೆ ಮಾಡಿ ಏನೋ ಸನ್ನೆ ಮಾಡಿದ. ನನಗೇನೋ ಅಂದುಕೊಂಡೆ. ಬೆಲ್ಟು ಹಾಕಿಯೇ ಇತ್ತು. ಅವನು ಮಂಜುವಿನ ಕಿವಿಯ ಹತ್ತಿರ ಬಾಗಿ ಏನೋ ಅಂದ. ಮಂಜು ಹಿಂದಕ್ಕೆ ತಿರುಗಿದವನು, ತಟ್ಟನೆ ಮುಂದಕ್ಕೆ ತಿರುಗಿಬಿಟ್ಟ. ಆಮೇಲೆ ವಿಮಾನ ನಿಲ್ಲುವವರೆಗೂ ಆ ಕಡೆಯಿಂದ ಈ ಕಡೆ ನೋಡಲಿಲ್ಲ.

ವಿಮಾನ ನೆಲಕ್ಕಿಳಿದು ನಿಂತ ಮೇಲೆ ಧೈರ್ಯ ಮಾಡಿ ತಿರುಗಿದೆ. ಖಾಲಿ ಜಾಗ ಖಾಲಿಯೇ ಇತ್ತು. ಬಲೆ ಬಿಗಿಯಾಗಿತ್ತು. ಒಂದು ಚೀಲವೂ ಜಾರಿರಲಿಲ್ಲ.

ಎಲ್ಲರೂ ಇಳಿದರು. ಪೈಲಟ್ಟು ಟಾರ್ಚ್ ಹಿಡಿದು ಒಳಗೆ ಹಿಂದಿನವರೆಗೂ ಹೋದ. ಹೊರಗೆ ಬಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸಿದ. ಮತ್ತೆ ಒಳಗೆ ಹೋದ. ಬಂದು ಮಂಜುವಿಗೆ ಜೋರಾಗಿ ಏನೋ ಕೇಳಿದ. ಮಂಜು ತಲೆ ಅಲ್ಲಾಡಿಸಿದ.

"ಏನಂತೆ ಕಣೋ?"

"ಏನಿಲ್ಲಕ್ಕ. ಲಗೇಜ್ ಎಣಿಸ್ತಾವ್ನೆ. ಬಾ, ಟೈಮಾಯ್ತು."

ಅವನ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಅಲ್ಲಿಂದ ಬೆಂಗಳೂರು, ಬೆಂಗಳೂರಿಂದ ರೈಲು.  

ಕಡೂರು ಸ್ಟೇಷನ್ನಿನಲ್ಲಿ ಇಳಿದಾಗ ಬಟಾಬಯಲಿನ ಬಿಸಿಲು. ನನ್ನ ಅಕ್ಕ, ಭಾವ ಗೇಟಿನ ಹೊರಗೆ ಕಾಯುತ್ತಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಮಂಜು ನಿಂತುಬಿಟ್ಟ.

"ಅಕ್ಕಾ, ಇದನ್ನ ಹೇಳ್ದೆ ಮನೆಗೋಗಕ್ಕೆ ಆಗಲ್ಲ ನಂಗೆ."

"ಹೇಳೋ."

"ಆ ಪೈಲಟ್ ಕೇಳಿದ್ದು ಲಗೇಜ್ ವಿಷ್ಯ ಅಲ್ಲ. ಮೇಲಿದ್ದಾಗ ಅಂದ... ಆ ಅಮ್ಮನ ಹಿಂದಿರೋ ಉದ್ದ ಮನುಷ್ಯ ಯಾಕೆ ನಿಂತ್ಕಂಡವ್ನೆ, ಕೂರಕ್ಕೇಳು, ಇಳಿಸೋ ಟೈಮು ಅಂತ."

 "ನಿಂತ್ಕೊಂಡಿದ್ರಾ?"

"ಹೂಂ. ಅರ್ಧ ದಾರಿವರ್ಗೂ ಕೂತಿದ್ದ, ಆಮೇಲಿಂದ ತಲೆ ಬಗ್ಗಿಸ್ಕಂಡು ನಿಂತೇ ಅವ್ನೆ ಅಂದ. ಇಳಿದ್ಮೇಲೆ ಕೇಳ್ದ, ಆ ಮನುಷ್ಯ ಎಲ್ಲಿ ಅಂತ."

"ನೀನು ನೋಡಿದ್ಯಲ್ಲೋ. ತಿರುಗಿದ್ಯಲ್ಲ."

ಮಂಜು ಹಳಿಯ ಕಡೆ ತಿರುಗಿದ. ಮಾಲು ತುಂಬಿದ ಗಾಡಿಯೊಂದು ಹಾದುಹೋಯಿತು.

"ಕತ್ಲಿತ್ತಕ್ಕ," ಅಂದ. ಅಷ್ಟೇ ಅಂದ.

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಅವರು ಸತ್ತ ಸುದ್ದಿ ಬಂದಾಗಲೂ ಹಾಗೆ ಅತ್ತಿರಲಿಲ್ಲ. ಅಷ್ಟು ಎತ್ತರದ ಆಳು. ಆ ವಿಮಾನದಲ್ಲಿ ನನಗೇ ಬಗ್ಗಿ ನಡೆಯಬೇಕಿತ್ತು. ಕಾಲು ತೆಗೀರಿ ಅಂತ ನಾನಂದೆ ಅಂತ ಕತ್ತು ಬಗ್ಗಿಸಿಕೊಂಡು ನಿಂತುಬಿಟ್ಟರಲ್ಲ... ಬೇಸರ ಮಾಡಿಕೊಂಡರಾ? ಇಲ್ಲ, ನನ್ನ ಬೆನ್ನು ನೋಯದಿರಲಿ ಅಂತಲಾ? ಯಾರನ್ನು ಕೇಳಲಿ?

ಬೂದಿಯನ್ನು ಭದ್ರಾ ನದಿಯಲ್ಲಿ ಬಿಟ್ಟೆವು. ನಮ್ಮ ಮಗಳು ಫಸ್ಟ್ ಪಿಯುಸಿ. ಅವಳೇ ನೀರಿಗಿಳಿದು ಬಿಟ್ಟಳು. ಪುರೋಹಿತರು, "ಇನ್ನು ಅವರು ನೆಮ್ಮದಿಯಾಗಿ ಹೋಗ್ತಾರಮ್ಮ," ಅಂದರು. ನಾನು ತಲೆಯಾಡಿಸಿದೆ. ಒಳಗೆ ಮಾತ್ರ ಒಂದೇ ಪ್ರಶ್ನೆ. ವಿಮಾನದಿಂದ ಒಂಬತ್ತು ಜನ ಇಳಿದದ್ದನ್ನು ಪೈಲಟ್ಟು ಎಣಿಸಿದ. ಅವರು ಇಳಿದದ್ದನ್ನು ಯಾರೂ ನೋಡಲಿಲ್ಲ. ನಾವು ಡಬ್ಬಿ ಹಿಡಿದು ಬಂದೆವು... ಅವರು ಬಂದರಾ? ಇನ್ನೂ ಅಲ್ಲೇ, ಆ ಖಾಲಿ ಜಾಗದಲ್ಲಿ ನಿಂತುಕೊಂಡು, ಗುರುತಿಲ್ಲದ ಜನರ ಜೊತೆ ಊರಿಂದೂರಿಗೆ ಹಾರುತ್ತಿದ್ದಾರಾ?

ಮಗಳಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ.

ಮಂಜು ಒಂದೂವರೆ ತಿಂಗಳು ತರೀಕೆರೆಯಲ್ಲಿದ್ದು ವಾಪಸು ಹೋದ. ಹೋಗುವ ದಿನ ಅವನ ಕೈ ಹಿಡಿದು ಕೇಳಿಕೊಂಡೆ, "ಆ ವಿಮಾನದಲ್ಲೇ ಹೋಗೋ. ಕೊನೇ ಸೀಟಲ್ಲಿ ಕೂತ್ಕೊ. ಕಂಡ್ರೆ... ಇಳೀರಿ, ಮನೆಗ್ ಬರ್ಬೇಕಂತೆ ಅಂತ ಹೇಳು." ಅವನು ಹೂಂ ಅಂದ.

ನಾಲ್ಕು ದಿನ ಬಿಟ್ಟು ಕ್ಯಾಂಪಿನಿಂದ ಫೋನು ಬಂತು.

"ಹೇಳ್ದೆ ಅಕ್ಕ," ಅಂದ.

"ಇದ್ರಾ?"

ಲೈನು ಕಟ್ಟಾಯಿತೋ, ಅವನೇ ಇಟ್ಟನೋ ಗೊತ್ತಿಲ್ಲ. ತಿರುಗಿ ಮಾಡಿದೆ, ಎತ್ತಲಿಲ್ಲ. ಆಮೇಲೆ ಎಷ್ಟೋ ಸಲ ಮಾತಾಡಿದ್ದಾನೆ. ಮಳೆ ಬೆಳೆ ಕೇಳುತ್ತಾನೆ, ಮಗಳ ಓದು ಕೇಳುತ್ತಾನೆ. ಅದೊಂದನ್ನು ಬಿಟ್ಟು.

ಮೊನ್ನೆ ಅವನ ಹೆಂಡತಿ ಬಂದಿದ್ದಳು. ಮಾತಿನ ಮಧ್ಯೆ ಅಂದಳು, ಕಂಪನಿಯವರು ಟಿಕೆಟ್ ಕೊಟ್ಟರೂ ಇವರೀಗ ಆ ಸಣ್ಣ ವಿಮಾನ ಹತ್ತುವುದಿಲ್ಲವಂತೆ. ಎರಡು ದಿನ ಧೂಳು ಕುಡಿದುಕೊಂಡು ಬಸ್ಸಿನಲ್ಲೇ ಓಡಾಡುತ್ತಾರಂತೆ. "ಯಾಕ್ರೀ ಅಂದ್ರೆ ಬಾಯೇ ಬಿಡಲ್ಲ ಕಣಕ್ಕ," ಅಂತ ನನ್ನ ಮುಖ ನೋಡಿದಳು.

ನಾನು ಎದ್ದು ಒಳಗೆ ಹೋಗಿ ಅವಳಿಗೆ ಕಾಫಿಗಿಟ್ಟೆ.